ಖಾಲಿ ಜಾಗದ ಕಾವಲುಗಾರರು

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಸುಣ್ಣದ ಪುಡಿಯ ವಾಸನೆ. ಹಬ್ಬವಿಲ್ಲ, ಮದುವೆಯಿಲ್ಲ, ಯಾರ ಮನೆಗೂ ಸುಣ್ಣ ಬಳಿಯುತ್ತಿಲ್ಲ. ಬಳ್ಳಾರಿಯ ನಮ್ಮ ಬಡಾವಣೆಯಲ್ಲಿ, ನಮ್ಮ ಮನೆಯ ಎದುರಿಗೆ ಪಾರ್ಕಿಗೆಂದು ಬಿಟ್ಟ ಜಾಗವಿದೆ. ಅದರ ಸುತ್ತ ಯಾರೋ ಬಿಳಿ ಗೆರೆ ಎಳೆದು ಹೋಗಿದ್ದರು. ಯಾರು ಎಳೆದರು? ಯಾಕೆ ಎಳೆದರು? ನನಗೆ ಒಂದು ಮಾತು ಹೇಳದೆ ಹೇಗೆ ಎಳೆದರು? ಹಲ್ಲುಜ್ಜುವ ಮೊದಲೇ ಇಷ್ಟು ಅನುಮಾನ. ನಗಬೇಡಿ, ನೀವೂ ಎಲ್ಲಾದರೂ ಒಂದು ಸೈಟು ಕೊಂಡವರಾದರೆ ಇದು ನಿಮಗೂ ಗೊತ್ತಿರುತ್ತದೆ. ಆ ಗೆರೆಯ ಒಳಗೆ ಮನೆ ಕಟ್ಟಿ ಉಳಿದ ನನ್ನ ಇಟ್ಟಿಗೆಗಳೂ ಇದ್ದವು. ಅವು ಅಲ್ಲಿಗೆ ಹೇಗೆ ಹೋದವು ಅನ್ನುವ ಮಾತು ಆಮೇಲೆ.

ಈ ಅನುಮಾನದ ಗುಣ ನನಗೆ ಬಂದದ್ದು ಸಿರುಗುಪ್ಪದ ಸೋದರಮಾವನಿಂದ. ವೀರಭದ್ರಪ್ಪ ಮಾವನದು ಬೀಜದ ಅಂಗಡಿ. ಕಾಳನ್ನು ಹಲ್ಲಿನಲ್ಲಿ ಕಡಿದು ನೋಡದೆ ಯಾರ ಮಾತನ್ನೂ ನಂಬಿದವನಲ್ಲ. ಪ್ರಸಾದದ ಕೊಬ್ಬರಿಯನ್ನೂ ಮೂಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾನು ಕಾಲಿಗೆ ನಮಸ್ಕಾರ ಮಾಡಿದರೆ, "ಏನ್ ಬೇಕಾಗಿತ್ತಲೇ?" ಅನ್ನುತ್ತಿದ್ದ. ನಿಜ ಹೇಳಬೇಕೆಂದರೆ ಬಹಳ ಸಲ ಏನೋ ಬೇಕಾಗಿಯೇ ಇರುತ್ತಿತ್ತು.

ಮಾವನ ಹೆಂಡತಿ ಗೌರಮ್ಮತ್ತೆ ಸಿರಿಗೇರಿಯವಳು, ದೊಡ್ಡ ಕಣದಲ್ಲಿ ಓಡಾಡಿ ಬೆಳೆದವಳು. ಮಂಡಿನೋವು ಶುರುವಾದಾಗ ಡಾಕ್ಟರು, ದಿನಾ ನಡೆಯಲೇಬೇಕು, ಕೂತರೆ ಕೂತೇ ಬಿಡುತ್ತೀರಿ ಎಂದು ಹೆದರಿಸಿದ್ದರು. ಆದರೆ ಸಿರುಗುಪ್ಪದ ರಸ್ತೆಯಲ್ಲಿ ಭತ್ತದ ಟ್ರಾಕ್ಟರು, ಅಕ್ಕಿ ಗಿರಣಿಯ ಲಾರಿ ಇವುಗಳ ನಡುವೆ ನಡೆಯುವುದು ಹೇಗೆ? ಅದಕ್ಕೇ ಆ ಊರಿನ ಹೊಸ ಬಡಾವಣೆಯಲ್ಲಿ ಪಾರ್ಕಿನ ಎದುರಿನ ಸೈಟೇ ಬೇಕೆಂದು ಹಟ ಹಿಡಿದು ಕೊಡಿಸಿಕೊಂಡಳು. ನಕಾಶೆಯಲ್ಲಿ ಆ ಪಾರ್ಕು ಹಸಿರು ಬಣ್ಣದಲ್ಲಿ ನಳನಳಿಸುತ್ತಿತ್ತು. ನೆಲದ ಮೇಲೆ ಜಾಲಿ ಬೆಳೆದಿತ್ತು.

ಮನೆ ಕಟ್ಟಿದ ಮೇಲೆ ಮಾವನಿಗೆ ನಿದ್ದೆ ಬರಲಿಲ್ಲ. "ಖಾಲಿ ಇದ್ರ ಯಾವನರ ಒಬ್ಬ ನುಂಗ್ತಾನ ನೋಡು," ಎಂದು ಪಾರ್ಕಿನ ಒಂದು ಮೂಲೆಯ ಜಾಲಿ ಕಡಿಸಿ, ಕಡಪಾ ಕಲ್ಲು ನೆಟ್ಟು ತಂತಿ ಎಳೆಸಿದ. ಅದು ಒತ್ತುವರಿ ಅಲ್ಲವಂತೆ, ಕಾವಲಂತೆ. ಅದನ್ನು ಕಂಡು ಪಕ್ಕದ ಆಚಾರ್ ಮೇಷ್ಟ್ರು ಇನ್ನೊಂದು ಮೂಲೆಯಲ್ಲಿ ತುಳಸಿಕಟ್ಟೆ ಕಟ್ಟಿಸಿದರು. "ದೇವರಿದ್ದ ಕಡೆ ಯಾರೂ ಕೈ ಹಚ್ಚೋದಿಲ್ರಿ," ಅಂದರು. ಇಬ್ಬರನ್ನೂ ಕಂಡು ಹಿಂದಿನ ಬೀದಿಯ ತಿಮ್ಮಾರೆಡ್ಡಿ ಎಮ್ಮೆ ತಂದು ಕಟ್ಟಿದ. ಅವನದೂ ಕಾವಲೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ, ಇಲ್ಲಿ ಎಲ್ಲರೂ ತಾವು ಬೇಲಿಯೆಂದೇ ನಂಬಿದ್ದರು. ಅತ್ತೆಗೆ ನಡೆಯಲು ಉಳಿದದ್ದು ಸಗಣಿ ಬಿದ್ದ ಒಂದು ಓಣಿ.

ಆಮೇಲೆ ಪುರಸಭೆಯ ಕಚೇರಿಯಿಂದ ಒಬ್ಬ ಸರ್ವೇಯರ್ ಬಂದ. ಟೇಪು ಹಿಡಿದ, ಸುಣ್ಣದ ಗೆರೆ ಎಳೆದ, ಎಮ್ಮೆಯ ಮುಂದೆ ನಿಂತುಬಿಟ್ಟ.

"ಜಾಗ ಖಾಲಿ ಇದ್ರ ಪಾರ್ಕ್ ಮಾಡಿಕೊಡ್ತೀವ್ರಿ. ಮುಂದಿನ ತಿಂಗಳು ಬಂದಾಗ ಹಿಂಗ ಇದ್ರ, ಈ ಕೆಲಸ ಬ್ಯಾರೆ ಬಡಾವಣಿಗೆ ಹೋಗತೈತಿ," ಅಂದು ಹೋದ.

ಆ ಸಂಜೆ ಮಾವನ ಪಡಸಾಲೆಯಲ್ಲಿ ಸಭೆ. ರಜೆಗೆಂದು ಹೋಗಿದ್ದ ನಾನೂ ಇದ್ದೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದವು. ತೆಗೆಯಬೇಕು ಅನ್ನುವುದಕ್ಕೆ ಎಲ್ಲರೂ ಒಪ್ಪಿದರು. ಮೊದಲು ಯಾರು ತೆಗೆಯಬೇಕು ಅನ್ನುವಲ್ಲಿಗೆ ಮಾತು ನಿಂತಿತು. ನಾನು ಕಲ್ಲು ಕಿತ್ತ ಮೇಲೆ ಇವನು ಎಮ್ಮೆ ಬಿಚ್ಚದಿದ್ದರೆ ಅನ್ನುವುದು ಮಾವನ ಚಿಂತೆ. ಮಿರ್ಚಿ ಮುಗಿಯಿತು, ಸಭೆಯೂ ಮುಗಿಯಿತು. ತಟ್ಟೆ ಎತ್ತುತ್ತಿದ್ದ ಅತ್ತೆ ಒಂದೇ ಮಾತು ಕೇಳಿದಳು. "ಅಲ್ರಿ, ನಾ ಎಲ್ಲಿ ನಡೀಲಿ?"

ಮರುದಿನ ಮಾವ ಬೀಜದ ಕೆಲಸಕ್ಕೆ ಕುರುಗೋಡಿಗೆ ಹೋದ. ಅವನು ಬಸ್ಸು ಹತ್ತಿದ್ದೇ ತಡ, ಅತ್ತೆ ಹಾರೆ ಹಿಡಿದು ಹೊರಬಿದ್ದಳು. "ಬಾರೋ, ಕಲ್ಲು ಹಿಡಿ." ನಾನು ಕಲ್ಲು ಅಲ್ಲಾಡಿಸಿದೆ, ಆಕೆ ತಂತಿ ಸುತ್ತಿದಳು. ತಿಮ್ಮಾರೆಡ್ಡಿ ಓಡಿ ಬಂದ.

"ಯಾಕಮ್ಮಾ, ಆಫೀಸಿಂದ ಏನರ ಸುದ್ದಿ ಬಂತಾ?"

"ಇಲ್ಲಪಾ. ಸುಮ್ಮನ ತಗದೆ."

"ಊರಿಕೇನಾ?" ಅಂದ ಅವನು ತೆಲುಗಿನಲ್ಲಿ, ಸುಮ್ಮನೇನಾ ಅಂತ. ಅವನ ಲೆಕ್ಕವೇ ಬೇರೆ. ಸುಮ್ಮಸುಮ್ಮನೆ ಯಾರಾದರೂ ಹಿಡಿದ ನೆಲ ಬಿಡುತ್ತಾರೆಯೇ? ದಂಡ ಹಾಕುವ ಸುದ್ದಿ ಇವರಿಗೆ ಮೊದಲೇ ತಿಳಿದಿದೆ, ಮುಚ್ಚಿಡುತ್ತಿದ್ದಾರೆ! ಸಂಜೆಯೊಳಗೆ ಎಮ್ಮೆ ಅವನ ಹಿತ್ತಲು ಸೇರಿತು. ಎಮ್ಮೆ ಹೋದದ್ದು ಕಂಡು ಮೇಷ್ಟ್ರಿಗೆ ದಿಗಿಲು. ಒಳ್ಳೆಯ ಗಳಿಗೆ ನೋಡಿ ತುಳಸಿಯನ್ನು ಅಂಗಳಕ್ಕೆ ಕರೆದೊಯ್ದರು. ಕುರುಗೋಡಿನಿಂದ ಬಂದ ಮಾವ ಹೆಂಡತಿಯನ್ನೇ ತನಿಖೆಗೆ ನಿಲ್ಲಿಸಿದ. "ಖರೇ ಹೇಳು, ಯಾರು ಬಂದಿದ್ರು?" ಆಕೆಯದು ಅದೇ ಉತ್ತರ. ಅನುಮಾನ ತುಂಬಿಸಿದ ಜಾಗವನ್ನು ಅನುಮಾನವೇ ಖಾಲಿ ಮಾಡಿತು.

ಹೀಗಾಗುತ್ತದೆಂದು ಗೊತ್ತಿದ್ದೇ ತೆಗೆದೆಯಾ ಎಂದು ನಾನೂ ಕೇಳಿದೆ. "ನಂಗೇನ್ ಗೊತ್ತೋ? ಕಾಲು ನೋಯಾಕತ್ತಿತ್ತು, ತಗದೆ," ಅಂದಳು. ಎಷ್ಟೋ ವರ್ಷ ನಾನು ಅದನ್ನು ನಂಬಲಿಲ್ಲ. ಅತ್ತೆ ಬಲು ಹುಷಾರಿ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಪಾರ್ಕು ಆಯಿತು, ಬೇವು ಬೆಳೆದವು. ಅತ್ತೆ ಈಗಲೂ ನಡೆಯುತ್ತಾಳೆ. ಮಾವ ಗಡಿಕಲ್ಲು ನೋಡಿಕೊಳ್ಳುತ್ತ ಹಿಂದಿನಿಂದ ಬರುತ್ತಾನೆ.

ಇನ್ನು ನನ್ನ ಇಟ್ಟಿಗೆಯ ಮಾತು. ಪಾರ್ಕಿನ ಆಚೆ ಎದುರಿನ ಮನೆಯವರು ಆ ಜಾಗದಲ್ಲಿ ಪೈಪು ಒಟ್ಟಿದ್ದರು. ಅದಕ್ಕೇ ನಾನೂ ಕಾವಲಿಗೆಂದು ಇಟ್ಟಿಗೆ ಇಟ್ಟಿದ್ದೆ. ಇವತ್ತು ಸುಣ್ಣದ ವಾಸನೆ ಮೂಗಿಗೆ ಬಡಿದಾಗ ಮೊದಲು ಬಂದ ಯೋಚನೆ, ಇನ್ನೆರಡು ಸಾಲು ಜಾಸ್ತಿ ಒಟ್ಟಬೇಕು ಅಂತ. ಹೊಸ್ತಿಲಲ್ಲಿ ನಿಂತವನಿಗೆ ಅಂದು ಸಗಣಿಯ ಓಣಿಯಲ್ಲಿ ಸೀರೆ ಎತ್ತಿ ಹಿಡಿದು ನಡೆಯುತ್ತಿದ್ದ ಅತ್ತೆ ನೆನಪಾದಳು. ನಾಚಿಕೆಯಾಯಿತು. ಬುಟ್ಟಿ ತಂದು ಇಟ್ಟಿಗೆ ಹೊರತೊಡಗಿದೆ.

ಎದುರು ಮನೆಯವರು ಮಾಳಿಗೆಯಿಂದ ಬಗ್ಗಿದರು. "ಏನ್ರಿ ಸರ, ಏನರ ಸುದ್ದಿ ಬಂತೇನ್ರಿ?"

"ಏನಿಲ್ರಿ, ಸುಮ್ಮನ."

ನಾನು ಹೇಳಿದ್ದು ನಿಜವೇ ಆಗಿತ್ತು. ಅವರ ಕಣ್ಣು ನಂಬಲಿಲ್ಲ. ಲಗುಬಗೆಯಿಂದ ಕೆಳಗಿಳಿದು ಬಂದರು, ಪೈಪು ಎಳೆಯತೊಡಗಿದರು. ಗೆದ್ದೆನೆಂಬ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅತ್ತೆಯ ಮಾತನ್ನು ನಾನೂ ಹೀಗೇ ನಂಬದೆ ಇದ್ದೆನಲ್ಲ ಅನ್ನಿಸಿತು. ಒಳಗೆ ಬಂದು ಸಿರುಗುಪ್ಪಕ್ಕೆ ಫೋನ್ ಮಾಡಿದೆ.

"ಅತ್ತಿ, ಪಾರ್ಕಿನಾಗ ಇಟ್ಟಿದ್ದ ಇಟ್ಟಿಗಿ ತಗದೆ. ಯಾರೂ ಹೇಳಿಲ್ಲ, ಸುಮ್ಮನ ತಗದೆ."



"ನಾ ನಂಬತೀನಪಾ," ಅಂದಳು.