ಬೇವಿನ ಪೆಟ್ಟಿಗೆ

ಇವತ್ತು ಎದುರು ಮನೆಗೆ ಬಂದ ಬಡಿಗರು ಬೇವಿನ ಹಲಗೆ ಕೊಯ್ಯುತ್ತಿದ್ದರು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಮರಿಪೇಟೆಯ ನಮ್ಮ ಹಳೇ ಮನೆಯಲ್ಲಿದ್ದೆ.

ಅವ್ವ ತೀರಿಕೊಂಡ ಮೇಲೆ ಅವಳ ಇಳಕಲ್ ಸೀರೆಯಲ್ಲಿ ಮುಖ ಹುದುಗಿಸಿ ಮಲಗುತ್ತಿದ್ದೆ. ಒಲೆಯ ಹೊಗೆ, ಕೊಬ್ಬರಿ ಎಣ್ಣೆ, ಅವ್ವ, ಎಲ್ಲ ಅದರಲ್ಲಿತ್ತು. ಬಡಿಗನಾಗಿದ್ದ ಅಪ್ಪ ಮಾತಾಡುವುದೇ ಅಪರೂಪ. ಒಂದು ದಿನ ಪೆಟ್ಟಿಗೆ ಮಾಡಿ ಸೀರೆಯನ್ನು ಅದರೊಳಗಿಟ್ಟ.

"ಸಾಗವಾನಿ ಗಟ್ಟಿ ಖರೇ, ಆದ್ರ ಬೇವಿನ ಕಟ್ಟಿಗಿಗೆ ಹುಳ ಹತ್ತೂದಿಲ್ಲ, ಮಗಳ. ನೀ ದೊಡ್ಡಾಕಿ ಆಗೂತನಕ ಸೀರಿ ಹಿಂಗ ಇರತೈತಿ."

ಮಳೆಗಾಲ ಕಳೆದ ಮೇಲೆ ತೆರೆದೆ. ಒಂದು ಎಳೆಯೂ ಹಾಳಾಗಿರಲಿಲ್ಲ. ಮುಖ ಹುದುಗಿಸಿದರೆ ಬರೀ ಬೇವು.

"ಹೆಂಗೈತಿ ಸೀರಿ?" ಅಪ್ಪ ಕೇಳಿದ.

"ಛಲೋ ಐತಿ," ಅಂದೆ.

ನನಗೀಗ ತೊಂಬತ್ತು. ಅವ್ವನ ವಾಸನೆ ಎಂದರೆ ಬೇವು ಒಂದೇ ನೆನಪಾಗುತ್ತದೆ.