ನಕ್ಷೆಯ ಮೇಲೆ ಎಳೆದ ಗೀಟು

ಬೆಂಗಳೂರಿನಿಂದ ಬೊಂಬಾಯಿಗೆ ವಿಮಾನದಲ್ಲಿ ಎಷ್ಟು ಮೈಲಿ, ಎಷ್ಟು ಗಂಟೆ ಎಂದು ಮೊನ್ನೆ ಪತ್ರಿಕೆಯಲ್ಲಿ ಬಂದಿತ್ತು. ಕೆಳಗೊಂದು ನಕ್ಷೆ, ಎರಡು ಊರುಗಳ ನಡುವೆ ನೆಟ್ಟಗೆ ಒಂದು ಗೀಟು. ನೋಡಿ ನಗು ಬಂತು. ಅಂಥದೇ ಗೀಟು ಎಳೆದು ನಾನು ಒಂದು ವರ್ಷ ಕಳೆದುಕೊಂಡವನು.

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದ ಮೊದಲಿಗ ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ. ಅಪ್ಪನದು ಹೆಬ್ಬೆಟ್ಟು. ಐಮಂಗಲದ ಹತ್ತಿರದ ನಮ್ಮ ಹಳ್ಳಿಯಿಂದ ಮೆಟ್ರಿಕ್ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಿತ್ತು. ದುರ್ಗಕ್ಕೆ ಆಗಿನ್ನೂ ರೈಲಿಲ್ಲ, ಹತ್ತಬೇಕಾದ್ದು ಹೊಳಲ್ಕೆರೆಯಲ್ಲಿ. ಕಣದಲ್ಲಿ ಜೋಳದ ಒಕ್ಕಣೆ ನಡೆದಿತ್ತು, ಎತ್ತುಗಳನ್ನು ಒಂದು ದಿನ ಬಿಡುವುದೂ ಅಪ್ಪನಿಗೆ ಕಷ್ಟ. ನಾನು ಶಾಲೆಯ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು, ನಮ್ಮೂರಿನಿಂದ ಹೊಳಲ್ಕೆರೆಗೆ ಗೀಟೆಳೆದು ಲೆಕ್ಕ ಹಾಕಿದೆ.

"ಇಪ್ಪತ್ನಾಕೇ ಮೈಲಿ ಅಪ್ಪ. ರೈಲಿನ ದಿನ ನಸುಕಿಗೆ ಹೊರಟ್ರೆ ಸಾಕು, ಸಂಜೆ ರೈಲು ಸಿಗುತ್ತೆ."

"ದುರ್ಗಕ್ಕೇ ಅರ್ಧ ದಿನ ಹಿಡಿತೈತಲ್ಲೋ?"

"ನಕ್ಷೆ ಸುಳ್ಳು ಹೇಳ್ತೈತಾ?"

ಹೊಳಲ್ಕೆರೆ ಕಡೆ ಅಪ್ಪ ಎಂದೂ ಹೋದವನಲ್ಲ. "ಹಂಗಾರೆ ಸರಿ ಬಿಡು. ಓದ್ಸಿದ್ದು ಯಾತಕ್ಕೆ ಮತ್ತೆ" ಎಂದ.

ದುರ್ಗ ಸೇರುವಾಗ ಹೊತ್ತು ನೆತ್ತಿಗೇರಿತ್ತು. ಬಾವಿಕಟ್ಟೆಯಲ್ಲಿ ಎತ್ತುಗಳಿಗೆ ನೀರು ಕುಡಿಸುತ್ತ, ಅಲ್ಲಿದ್ದ ಗಾಡಿಯವನನ್ನು ಹೊಳಲ್ಕೆರೆ ಇನ್ನೆಷ್ಟು ದೂರ ಎಂದು ಅಪ್ಪ ಕೇಳಿದ.

"ಇಪ್ಪತ್ ಮೈಲಿ ಐತೆ. ಇವತ್ತಿನ ರೈಲಿಗಾ? ಕುಂತ್ಕಳ್ರಿ, ಎಲೆ ಅಡಿಕೆ ಹಾಕ್ಕಳ್ರಿ. ನಾಳೆ ರೈಲಿಗೆ ಹೋಗೋರಂತೆ."

ಆಗಲೇ ಹದಿನಾಲ್ಕು ಮೈಲಿ ಬಂದಿದ್ದೆವು, ನನ್ನ ಲೆಕ್ಕದಲ್ಲಿ ಹತ್ತೇ ಮೈಲಿ ಉಳಿದಿತ್ತು. ಅಪ್ಪ ಊರಿನ ಬೆನ್ನಿಗಿದ್ದ ಬೆಟ್ಟದ ಸಾಲನ್ನು ನೋಡಿದ, ನನ್ನನ್ನು ನೋಡಿದ.

"ನಿನ್ನ ಗೀಟು ಈ ಗುಡ್ಡದ ಮ್ಯಾಲೆ ಹಾದು ಹೋಗೈತೇನಪ್ಪ?"

ಅಪ್ಪ ಎತ್ತು ಹೂಡಿ ಗಾಡಿ ಹೊಡೆದ. ಇಳಿಜಾರಿನಲ್ಲಿ ನಾನು ಕೂತೆ, ಏರಿನಲ್ಲಿ ಇಬ್ಬರೂ ಇಳಿದು ನಡೆದೆವು. ಹೊತ್ತು ಮುಳುಗುವಾಗ ದೂರದಲ್ಲಿ ಹೊಗೆ ಕಂಡಿತು. ರೈಲು ಹೊರಟುಹೋಗಿತ್ತು. ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿ ಪರೀಕ್ಷೆ ನನ್ನನ್ನು ಬಿಟ್ಟು ನಡೆಯಿತು.

ಊರಿಗೆ ಮರಳಿದಾಗ ಕಟ್ಟೆಯ ಮೇಲಿದ್ದವರು ಬಿಡುತ್ತಾರೆಯೇ?

"ಏನಣ್ಣ, ಮಗ ಸಾಹೇಬ ಆಗಿ ಇಷ್ಟು ಬೇಗ ಬಂದ್ಬಿಟ್ನಾ?"

ಅಪ್ಪ ತಡವರಿಸದೆ ಹೇಳಿದ: "ದಾರೀಲಿ ಎತ್ತು ಕುಂಟ್ತು ಕಣ್ರಪ್ಪ."

ಬಲಗಡೆಯ ಬಿಳಿ ಎತ್ತನ್ನು ತೋರಿಸಿದ. ಅದರ ನಡಿಗೆ ನೋಡಲೆಂದೇ ಪಕ್ಕದ ಊರಿನವರು ಬರುತ್ತಿದ್ದರು. ಅಪ್ಪನಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ. ಅಂದಿನಿಂದ ಊರವರ ಬಾಯಲ್ಲಿ ಅದು ಕುಂಟನಾಯಿತು. ಅಪ್ಪ ವರ್ಷವಿಡೀ ಕೇಳಿಸಿಕೊಂಡ, ಒಮ್ಮೆಯೂ ತಿದ್ದಲಿಲ್ಲ. ನಾನೂ ನಿಜ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ಮರುವರ್ಷ ಪರೀಕ್ಷೆ ಹತ್ತಿರ ಬಂದಾಗ ನಕ್ಷೆ ಮುಟ್ಟಲಿಲ್ಲ. "ಯಾವತ್ತು ಹೋಗಾಣ ಅಪ್ಪ?" ಎಂದೆ.

"ನನ್ನೇನು ಕೇಳ್ತೀಯಲೇ? ಕುಂಟನ್ನ ಕೇಳು."

ಎರಡು ದಿನ ಮೊದಲೇ ಹೊರಟೆವು. ಹೊಳಲ್ಕೆರೆ ಸ್ಟೇಷನ್ನಿನ ಬೇವಿನ ಮರದಡಿ ಇಡೀ ದಿನ ರೈಲಿಗೆ ಕಾದು ಕುಳಿತೆವು. ಬುತ್ತಿಯ ಕೊನೆಯ ರೊಟ್ಟಿಯನ್ನು ಅಪ್ಪ ಮುರಿದು ಅರ್ಧ ನನಗೆ ಕೊಟ್ಟ, ಇನ್ನರ್ಧ ಬಿಳಿ ಎತ್ತಿನ ಬಾಯಿಗಿಟ್ಟ.