ಮಾವನವರು ಮತ್ತು ಹಿತ್ತಲ ಉಳ್ಳಾಗಡ್ಡಿ

ನಾನು ಗದಗಿನ ಕಡೆಯವಳು ಎಂದು ಗೊತ್ತಾದ ಕೂಡಲೇ ಜನ ಉಳ್ಳಾಗಡ್ಡಿಯ ಮಾತು ತೆಗೆಯುತ್ತಾರೆ. ಯಾವ ಮಣ್ಣು ಒಳ್ಳೆಯದು, ಕಿತ್ತ ಮೇಲೆ ಎಷ್ಟು ದಿನ ಕೆಡದೆ ಇರುತ್ತದೆ, ಈ ಸಲ ಫಸಲು ಹೇಗೆ ಎಂದು ಕೇಳುತ್ತಾರೆ. ನಾನೂ ಗಂಭೀರವಾಗಿ ತಲೆಯಾಡಿಸಿ, ಏನೋ ಒಂದು ಹೇಳಿ ಮಾನ ಉಳಿಸಿಕೊಳ್ಳುತ್ತೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ನಮ್ಮಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಕಣ್ಣು ಮುಚ್ಚಿ ಮುಟ್ಟಿದರೂ ಇದು ಗುಳೇದಗುಡ್ಡದ ಖಣ, ಇದು ಇಳಕಲ್ಲಿನ ಸೀರೆ ಎಂದು ಹೇಳಬಲ್ಲೆ. ಆದರೆ ಉಳ್ಳಾಗಡ್ಡಿ ನನ್ನ ಪಾಲಿಗೆ ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲೇ ಹುಟ್ಟಿ ಅಲ್ಲೇ ಬೆಳೆಯುವ ಪದಾರ್ಥವಾಗಿತ್ತು.

ಮೈಸೂರಿನವರು ಇದನ್ನು ಈರುಳ್ಳಿ ಎನ್ನುತ್ತಾರೆ, ಮಂಗಳೂರಿನವರು ನೀರುಳ್ಳಿ ಎನ್ನುತ್ತಾರೆ. ಸಂಸ್ಕೃತದಲ್ಲಿ ಪಲಾಂಡು ಎನ್ನುತ್ತಾರಂತೆ. ಪಲಾಂಡು ಎಂದರೆ ಗಡ್ಡ ಬಿಟ್ಟ ಯಾವುದೋ ಋಷಿಯ ಹೆಸರು ಕೇಳಿದ ಹಾಗಾಗುತ್ತದೆ. ಋಷಿಗಳೇ ಇದನ್ನು ತಾಮಸ ಎಂದು ದೂರ ಇಟ್ಟದ್ದು ಯಾಕೋ! ನನಗೆ ಮಾತ್ರ ಈ ತಾಮಸ ಪದಾರ್ಥದ ಋಣ ದೊಡ್ಡದಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ನಾನು ಮದುವೆಯಾಗಿ ಮಸ್ಕಿಗೆ ಬಂದಾಗ ನಿಜಾಮರ ಆಳಿಕೆ ಮುಗಿದು ಕೆಲವು ವರ್ಷಗಳಾಗಿದ್ದವಷ್ಟೆ. ಗದಗು ಮುಂಬಯಿ ಸರಕಾರದ್ದು, ಮಸ್ಕಿ ಹೈದರಾಬಾದಿನದು. ಹಾಗಾಗಿ ನನ್ನ ತವರಿನವರು ನನ್ನನ್ನು ಬೇರೆ ದೇಶಕ್ಕೆ ಕೊಟ್ಟವರಂತೆ ಅತ್ತು ಕಳಿಸಿದರು. ಇಲ್ಲಿ ಬಂದು ನೋಡಿದರೆ ಅದೇ ಜೋಳದ ರೊಟ್ಟಿ, ಅದೇ ವಿಭೂತಿ. ಮಾತಿನಲ್ಲಿ ಮಾತ್ರ ನಡುನಡುವೆ ಉರ್ದು. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಮನೆಯ ಮೌನ. ಅತ್ತೆಯವರು ನಾನು ಬರುವ ಮೊದಲೇ ಶಿವನ ಪಾದ ಸೇರಿದ್ದರು. ನನ್ನ ಯಜಮಾನರಿಗೆ ಸಿಂಧನೂರಿನ ಹತ್ತಿರ ಕಾಲುವೆ ಕೆಲಸ. ವಾರಕ್ಕೊಮ್ಮೆ ಸಂತೆಯ ದಿನ ಬಸ್ಸಿನಲ್ಲಿ ಬಂದು, ಮೈಮೇಲಿನ ಮಣ್ಣು ಕೊಡವಿಕೊಳ್ಳುವಷ್ಟರಲ್ಲಿ ಹೊರಟುಬಿಡುತ್ತಿದ್ದರು. ಉಳಿದವರು ನಾನು ಮತ್ತು ಮಾವನವರು.

ಮಾವನವರು ಲಿಂಗಸುಗೂರಿನ ತಹಸೀಲ ಕಚೇರಿಯಲ್ಲಿ ಗಿರ್ದಾವರರಾಗಿದ್ದವರು. ಊರೂರು ತಿರುಗಿ ಹೊಲದ ಬೆಳೆ ನೋಡಿ ಬರೆದುಕೊಳ್ಳುವ ಅಧಿಕಾರಿ. ಬರೆದದ್ದೆಲ್ಲ ಉರ್ದುವಿನಲ್ಲಿ. ರಾಜ್ಯ ಬದಲಾಗಿ ಕಚೇರಿಯ ಬರವಣಿಗೆಯೂ ಬದಲಾಗತೊಡಗಿದಾಗ, ‘ಈ ವಯಸ್ಸಿನ್ಯಾಗ ಅ ಆ ಇ ಈ ತಿದ್ದಲೇನು’ ಎಂದು ಕೆಲಸ ಬಿಟ್ಟು ಮನೆಗೆ ಬಂದರಂತೆ. ಅದರ ಬೆನ್ನಿಗೇ ಅತ್ತೆಯವರೂ ಹೋದರು. ಅಂದಿನಿಂದ ಪಡಸಾಲೆಯ ಹೊರಸು, ಆ ಹಗ್ಗದ ಮಂಚವೇ ಅವರ ಕಚೇರಿ.

ಸೊಸೆಯಾದವಳು ಮಾವನ ಎದುರು ಮಾತಾಡಬಾರದು, ಮಾವನೂ ಸೊಸೆಯನ್ನು ನೇರವಾಗಿ ಮಾತಾಡಿಸಬಾರದು. ಆಗಿನ ರೀತಿಯೇ ಅದು. ಮನೆ ತುಂಬ ಜನ ಇದ್ದಾಗ ಈ ರೀತಿ ಸಲೀಸಾಗಿ ನಡೆಯುತ್ತದೆ. ಇಬ್ಬರೇ ಇದ್ದಾಗ? ನಮ್ಮ ಮನೆಯಲ್ಲಿ ಒಂದು ಬೆಕ್ಕಿತ್ತು. ಮಾವನವರು ಅದಕ್ಕೆ, “ಏ ಬೆಕ್ಕ, ನೀರು ಕಾದಾವೇನು?” ಎನ್ನುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು, “ಕಾದಾವು ಅಂತ ಹೇಳು” ಎಂದು ಅದೇ ಬೆಕ್ಕಿಗೆ ಹೇಳುತ್ತಿದ್ದೆ. ಸರಕಾರಿ ಕಾಗದ ಮೇಜಿನಿಂದ ಮೇಜಿಗೆ ಹೋದ ಹಾಗೆ ನಮ್ಮ ಸಂಸಾರದ ವ್ಯವಹಾರವೆಲ್ಲ ಬೆಕ್ಕಿನ ಮೂಲಕ ಸಾಗುತ್ತಿತ್ತು. ಬೆಕ್ಕು ಹೊರಗೆ ಹೋದರೆ ಕಚೇರಿಗೆ ರಜೆ. ಅವರು ಊಟಕ್ಕೂ ಕೇಳುತ್ತಿರಲಿಲ್ಲ, ನಾನೂ ಬಡಿಸುತ್ತಿರಲಿಲ್ಲ.

ಈಗ ನಗು ಬರುತ್ತದೆ. ಆಗ ನಗು ಬಂದಿರಲಿಲ್ಲ. ಹತ್ತು ಜನರ ಗಲಾಟೆಯ ಮನೆಯಲ್ಲಿ ಬೆಳೆದವಳು ನಾನು. ಮಾತಿಲ್ಲದೆ ಎದೆ ಒಣಗಿದಂತಾಗುತ್ತಿತ್ತು. ಒಂದು ಸಂತೆಯ ದಿನ ಯಜಮಾನರ ಎದುರು ಅಳುತ್ತ ನಿಂತೆ. “ನನ್ನ ಗದಗಿಗೆ ಕಳಿಸಿಬಿಡ್ರಿ. ನೀವು ಇಲ್ಲಿ ಇರೂದಿಲ್ಲ, ನಿಮ್ಮಪ್ಪಾರು ಮಾತಾಡೂದಿಲ್ಲ. ನಾ ಯಾರಿಗಂತ ಇರ್ಲಿ?” ಎಂದೆ. ಅವರು ಒಳ್ಳೆಯವರು. “ಸಂಕ್ರಾಂತಿ ಆಗ್ಲಿ, ನಾನ ಕರಕೊಂಡು ಹೋಗಿ ಬಿಟ್ಟು ಬರ್ತೀನಿ” ಎಂದು ಹೇಳಿ ಬಸ್ಸು ಹತ್ತಿದರು.

ಸಂಕ್ರಾಂತಿಯವರೆಗೆ ದಿನ ಕಳೆಯಬೇಕಲ್ಲ! ಬುಟ್ಟಿಯ ಉಳ್ಳಾಗಡ್ಡಿಗಳು ಆಗಲೇ ಮೊಳಕೆ ಒಡೆದು ಹಸಿರು ಕೊಂಬು ಬಿಟ್ಟಿದ್ದವು. ಬಿಸಾಡಲು ಮನಸ್ಸಾಗಲಿಲ್ಲ. ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ಒಂದಿಷ್ಟು ನೆಲ ಪಾಳು ಬಿದ್ದಿತ್ತು. ಅಲ್ಲಿ ಕೆದರಿ ಅವನ್ನೆಲ್ಲ ಊರಿದೆ. ಮೂರ್ನಾಲ್ಕು ವಾರದಲ್ಲಿ ಮೊಣಕೈ ಉದ್ದದ ಹಸಿರು! ದಿನಾ ಹೋಗಿ ಅವುಗಳ ಹತ್ತಿರ ಕೂತು ನಮ್ಮೂರಿನ ಸುದ್ದಿ ಹೇಳುತ್ತಿದ್ದೆ. ಬೆಕ್ಕಿಗಿಂತ ಮೇಲು, ಹೇಳಿದ್ದನ್ನು ಪೂರ್ತಿ ಕೇಳುತ್ತಿದ್ದವು. ಚಳಿ ಬಿದ್ದಾಗ ನಡುವಿನಿಂದ ಉದ್ದ ದಂಟು ಎದ್ದು, ತುದಿಯಲ್ಲಿ ಬಿಳಿಯ ಗುಂಡನೆಯ ಹೂವು ಬಿಟ್ಟವು. ನನಗೆ ಹಿಗ್ಗೋ ಹಿಗ್ಗು. ಮೇಲೆ ಇಷ್ಟು ಚಂದ ಹೂವಿದ್ದರೆ ಕೆಳಗೆ ತೆಂಗಿನಕಾಯಿಯಷ್ಟು ಗಡ್ಡೆ ಇರಬೇಕು ಎಂದುಕೊಂಡೆ.

ಒಂದು ಬೆಳಿಗ್ಗೆ ನೀರು ಹಾಕುತ್ತಿದ್ದೆ. ಮಾವನವರು ಮುಖ ತೊಳೆಯಲು ಬಚ್ಚಲಿಗೆ ಬಂದವರು ಹಿತ್ತಲ ಬಾಗಿಲಲ್ಲಿ ನಿಂತರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ತಿರುಗಿದೆ. ಅವರು ಒಮ್ಮೆ ಕೆಮ್ಮಿದರು. ಬೆಕ್ಕಿಗಾಗಿ ಅತ್ತಿತ್ತ ನೋಡಿದರು. ಅದು ಎಲ್ಲೂ ಇರಲಿಲ್ಲ. ಮತ್ತೊಮ್ಮೆ ಕೆಮ್ಮಿದರು. ಆಮೇಲೆ ತಡೆಯಲಾಗಲಿಲ್ಲ ಎಂದು ಕಾಣುತ್ತದೆ.

“ಏ ತಂಗಿ, ಏನು ಬೆಳಿಯಾಕತ್ತಿ ನೀ? ಹೂವು ಬಿಟ್ಟಾವ ಅಂದ್ರ ಗಡ್ಡಿ ಹೋತು! ಗದಗಿನಾಕಿ ಅಂತಾರ, ಇಷ್ಟೂ ಗೊತ್ತಿಲ್ಲೇನು?”

ನಾನು ಕೊಡ ಕೈಬಿಟ್ಟೆ. ಆ ಮನೆಗೆ ಬಂದ ಮೇಲೆ ಅವರು ನನಗೇ ಆಡಿದ ಮೊದಲ ಮಾತು ಅದು. ತಂಗಿ ಎಂದರೆ ನಮ್ಮ ಕಡೆ ಮಗಳೇ ಎಂದಂತೆ. ಬೈಗುಳವೇ ಇರಲಿ, ನನ್ನ ಹೆಸರಿಗೇ ಬಂದ ಬೈಗುಳ! ಉತ್ತರ ಕೊಡಬೇಕೋ ಬೇಡವೋ ತಿಳಿಯದೆ, ಗೋಡೆ ನೋಡುತ್ತಲೇ, “ನಮ್ಮದು ಬಟ್ಟಿ ಅಂಗಡಿ ಐತ್ರೀ ಮಾವಾರ” ಎಂದುಬಿಟ್ಟೆ.

ಹಿಂದಿನಿಂದ ವಿಚಿತ್ರ ಸದ್ದು ಬಂತು. ತಿರುಗಿ ನೋಡಿದರೆ ಮಾವನವರು ನಗುತ್ತಿದ್ದರು. ನಕ್ಕು ರೂಢಿ ತಪ್ಪಿದವರ ನಗು, ನಡುನಡುವೆ ಕೆಮ್ಮು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಒಂದು ದಂಟು ಕಿತ್ತು ತೋರಿಸಿದರು. ಹಳೆಯ ಗಡ್ಡೆ ಕರಗಿ ಬರೀ ಸಿಪ್ಪೆಯಾಗಿತ್ತು. ಅದು ತನ್ನ ಜೀವ ಹೂವಿಗೆ ಕೊಟ್ಟುಬಿಡುತ್ತದಂತೆ. ಹೂವಿನಿಂದ ಕರಿ ಬೀಜ, ಬೀಜದಿಂದ ಸಸಿ, ಸಸಿ ಕಿತ್ತು ನೆಟ್ಟರೆ ಮಾತ್ರ ಗಡ್ಡೆ. ಹೇಳುತ್ತ ಹೇಳುತ್ತ ದನಿ ಇಳಿಯಿತು. “ನಿಮ್ಮತ್ತಿ ಹಾಕ್ತಿದ್ಲು ಇಲ್ಲಿ. ಆಕಿ ಹೋದಮ್ಯಾಲ ಈ ಹಿತ್ತಲಕ್ಕ ನಾ ಬಂದಿದ್ದಿಲ್ಲ” ಎಂದರು. ಮಾತು ಬಾರದ ಮನುಷ್ಯ ಎಂದುಕೊಂಡಿದ್ದೆ. ಮಾತಾಡುವ ಜೊತೆ ಹೋಗಿಬಿಟ್ಟಿದ್ದ ಮನುಷ್ಯ ಎಂದು ಆಗ ತಿಳಿಯಿತು.

ಮರುದಿನ ಹೇಳದೆ ಕೇಳದೆ ರುಮಾಲು ಸುತ್ತಿಕೊಂಡು ಹೊರಟರು. ನನಗೆ ಗಾಬರಿ. ಮರುಸಂಜೆ ಬಸ್ಸಿಳಿದು ಬಂದರು. ಹೆಗಲ ಮೇಲೆ ಒದ್ದೆ ಗೋಣಿಚೀಲ. ಹೊಳೆದಂಡೆಯ ಮುಕ್ಕುಂದದಲ್ಲಿ ಅವರ ಹಳೆಯ ಗೆಳೆಯರೊಬ್ಬರ ತೋಟವಿತ್ತಂತೆ. ಅಲ್ಲಿಂದ ಉಳ್ಳಾಗಡ್ಡಿ ಸಸಿ ತಂದಿದ್ದರು. ಬಸ್ಸಿನ ಮೇಲೆ ಹಾಕಿದರೆ ಬಿಸಿಲಿಗೆ ಬಾಡುತ್ತವೆ ಎಂದು ದಾರಿಯುದ್ದಕ್ಕೂ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ನೀರು ಸೋರಿ ಧೋತರವೆಲ್ಲ ತೊಯ್ದಿತ್ತು. ಓಣಿಯ ಜನ ಏನು ತಿಳಿದುಕೊಂಡರೋ, ನಾನು ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ನಮ್ಮ ಹಿತ್ತಲೇ ಒಂದು ತಾಲೂಕು ಆಯಿತು. ಹಗ್ಗ ಹಿಡಿದು ಮಡಿ ಮಾಡಿದರು. ಸಸಿಯಿಂದ ಸಸಿಗೆ ನಾಲ್ಕು ಬೆರಳು ಬಿಡಿಸಿ ನೆಡಿಸಿದರು. ನಾನು ಒಂದು ಸಾಲು ಸೊಟ್ಟ ನೆಟ್ಟರೆ “ನಾಮಂಜೂರ್” ಎನ್ನುತ್ತಿದ್ದರು, ನೆಟ್ಟಗಿದ್ದರೆ “ಮಂಜೂರ್”. ಬೆಳಿಗ್ಗೆ ಎದ್ದು ಕೈ ಹಿಂದೆ ಕಟ್ಟಿಕೊಂಡು ಮಡಿಗಳ ನಡುವೆ ಗಸ್ತು ತಿರುಗುತ್ತಿದ್ದರು. ಸಂಜೆ ಕಳೆ ತೆಗೆಯುತ್ತ ಕತೆ ಹೇಳುತ್ತಿದ್ದರು. ಕುದುರೆಯ ಮೇಲೆ ಹಳ್ಳಿ ತಿರುಗಿದ್ದು, ಹಳ್ಳ ತುಂಬಿ ಬಂದು ಮೂರು ದಿನ ಗುಡಿಯಲ್ಲಿ ಸಿಕ್ಕಿಕೊಂಡದ್ದು, ಅತ್ತೆಯವರು ಉರ್ದು ಬೈಗುಳ ಕಲಿತು ಅವರಿಗೇ ತಿರುಗಿಸಿ ಬೈದದ್ದು. ಸೆರಗು ತಲೆಯ ಮೇಲೆಯೇ ಇತ್ತು. ಆದರೆ ಅದರ ಕೆಳಗಿನಿಂದ ನಾನು ಜೋರಾಗಿ ನಗತೊಡಗಿದ್ದೆ. ಸಂಕ್ರಾಂತಿಗೆ ಯಜಮಾನರು ರಜೆ ಹಾಕಿ ಬಂದು, “ನಡಿ, ಗದಗಿಗೆ ಹೋಗೋಣು” ಎಂದರು. “ನೀರು ಯಾರು ಹಾಕ್ಬೇಕ್ರೀ?” ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಹಗುರಾದರು.

ಆಗಲೇ ನಾನು ಬಸುರಿ. ರೀತಿಯ ಪ್ರಕಾರ ಏಳನೆಯ ತಿಂಗಳಿಗೆ ತವರಿಗೆ ಹೋಗಬೇಕು. ಅಣ್ಣ ಕರೆಯಲು ಬಂದ. ಹಿತ್ತಲಲ್ಲಿ ಗಡ್ಡೆಗಳು ಮಣ್ಣಿನ ಮೇಲೆ ಕೆಂಪಗೆ ಭುಜ ತೋರಿಸುತ್ತಿದ್ದವು. “ಇವನ್ನ ಕಿತ್ತಮ್ಯಾಲ ಬರ್ತೀನಣ್ಣ” ಎಂದೆ. ಅಣ್ಣ ನನ್ನನ್ನೂ ನೋಡಿದ, ಮಾವನವರನ್ನೂ ನೋಡಿದ. “ಉಳ್ಳಾಗಡ್ಡಿ ಸಲುವಾಗಿ ಬಾಣಂತನ ಮುಂದ ಹಾಕಿದಾಕಿನ್ನ ನಾ ಎಲ್ಲೂ ಕಂಡಿಲ್ಲ” ಎಂದು ನಕ್ಕು, ಇನ್ನೊಂದು ದಿನ ಗೊತ್ತು ಮಾಡಿ ಹೋದ.

ಗಿಡದ ಕೊರಳು ಮೆತ್ತಗಾಗಿ ಎಲೆಗಳು ಒಂದೊಂದಾಗಿ ಮಲಗಿದವು. ಅದೇ ಕೀಳುವ ಹೊತ್ತು. ಮಾವನವರು ಕಿತ್ತರು. ನಾನು ಹೊಟ್ಟೆ ಹೊತ್ತುಕೊಂಡು ಕೂತು ಮಣ್ಣು ಕೊಡವಿದೆ. ಕೆಂಪು, ಹೊಳಪು, ಮುಷ್ಟಿಗಿಂತ ದೊಡ್ಡವು. ಚಪ್ಪರದ ನೆರಳಲ್ಲಿ ಹರವಿ ಆರಲು ಬಿಟ್ಟೆವು. ಇನ್ನು ನಾಲ್ಕಾರು ದಿನದಲ್ಲಿ ಅಣ್ಣ ಬರುವವನಿದ್ದ. ಕೂಸಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಮರುದಿನ ಮಧ್ಯಾಹ್ನ ಗುಡ್ಡದ ಕಡೆಯಿಂದ ಕರಿಮೋಡ ಎದ್ದಿತು. ಆ ಬಿಸಿಲಿನ ದಿನಗಳಲ್ಲಿ ಯಾರೂ ನೆನೆಸದ ಅಡ್ಡಮಳೆ. ಮೊದಲು ಗಾಳಿ, ಆಮೇಲೆ ಹನಿ, ಹಿಂದೆಯೇ ಪಟಪಟ ಆಲಿಕಲ್ಲು. ಚಪ್ಪರದ ಗರಿಗಳು ಹಾರಿಹೋದವು. “ಒಳಗ ಹೋಗು ತಂಗಿ” ಎಂದು ಮಾವನವರು ಕೂಗುತ್ತಿದ್ದರೂ ನಾನು ಸೆರಗಿನಲ್ಲಿ ತುಂಬಿ ತುಂಬಿ ಒಳಗೆ ತಂದು ಸುರಿದೆ. ಅವರು ಬುಟ್ಟಿಯಲ್ಲಿ ಹೊತ್ತು ತಂದರು. ಪಡಸಾಲೆ, ಅಡುಗೆಮನೆ, ಹೊರಸಿನ ಮೇಲೆ, ಹೊರಸಿನ ಕೆಳಗೆ, ಕೊನೆಗೆ ಅವರ ಲಿಂಗಪೂಜೆಯ ಮಣೆಯ ಸುತ್ತಲೂ ಉಳ್ಳಾಗಡ್ಡಿ. ಇನ್ನೊಂದು ಸಲ ಬಗ್ಗಿದೆ, ಏಳಲಾಗಲಿಲ್ಲ. ನಡು ಮುರಿಯುವಂಥ ನೋವು ಬಂತು.

“ಮಾವಾರ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಸೆರಗು ಎಲ್ಲೋ, ತಲೆ ಎಲ್ಲೋ.

ಅವರು ನನ್ನ ಮುಖ ನೋಡಿದರು. ರಟ್ಟೆ ಹಿಡಿದು ಒಳಗೆ ತಂದು, ಹೊರಸಿನ ಮೇಲಿನ ಉಳ್ಳಾಗಡ್ಡಿಯನ್ನು ಒಂದೇ ಕೈಯಲ್ಲಿ ಕೆಳಗೆ ಉರುಳಿಸಿ ನನ್ನನ್ನು ಮಲಗಿಸಿದರು. ಮೂಲೆಯಲ್ಲಿದ್ದ ಮೊರ ತಲೆಯ ಮೇಲೆ ಹಿಡಿದು ಆ ಆಲಿಕಲ್ಲಿನಲ್ಲಿ ಓಡಿದರು. ಕುದುರೆಯ ಮೇಲೆ ತಿರುಗಿದ ಗಿರ್ದಾವರರು, ಬಿರಬಿರನೆ ನಡೆದರೂ ಮರ್ಯಾದೆ ಹೋಗುತ್ತದೆ ಎನ್ನುವವರು, ಬರಿಗಾಲಲ್ಲಿ ಕೆಸರು ಹಾರಿಸುತ್ತ ಓಡಿದ್ದನ್ನು ಓಣಿಯ ಜನ ಬಹಳ ದಿನ ಹೇಳುತ್ತಿದ್ದರು. ಓಣಿಯ ಕೊನೆಯ ಮನೆಯ ಸೂಲಗಿತ್ತಿ ಹುಸೇನಬಿಯನ್ನು ಕರೆದುಕೊಂಡೇ ಬಂದರು. ಮೊರ ಈಗ ಅವಳ ತಲೆಯ ಮೇಲಿತ್ತು, ಅವರ ತಲೆಯ ಮೇಲೆ ಬರೀ ಮಳೆ.

ಹುಸೇನಬಿ ಹೊಸ್ತಿಲಲ್ಲಿ ನಿಂತು, “ಯಾ ಅಲ್ಲಾ, ಇದು ಮನಿನೋ ಸಂತಿನೋ?” ಎಂದಳು. ಕಾಲಿನಿಂದ ಉಳ್ಳಾಗಡ್ಡಿ ಸರಿಸುತ್ತ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದಳು. “ಹೆದರಬ್ಯಾಡ ಬೇಟಿ, ನಾ ಬಂದೀನಿ” ಎಂದಳು. ಮಾವನವರು ಬಾಗಿಲ ಹೊರಗೆ ನಿಂತು, ನಾನು ನರಳಿದಾಗಲೆಲ್ಲ, “ಇಲ್ಲೇ ಅದೀನಿ ತಂಗಿ, ಇಲ್ಲೇ ಅದೀನಿ” ಎನ್ನುತ್ತಿದ್ದರು. ಇಬ್ಬರಲ್ಲಿ ಯಾರ ಮಾತಿನಿಂದ ನನಗೆ ಧೈರ್ಯ ಬಂತು ಎಂದು ಬೇರೆ ಮಾಡಿ ಹೇಳಲಾರೆ. ದೀಪ ಹಚ್ಚುವ ಹೊತ್ತಿಗೆ ಮಳೆ ನಿಂತಿತು, ಮಗಳು ಹುಟ್ಟಿದಳು. ಮನೆಯ ತುಂಬ ಹಸಿ ಉಳ್ಳಾಗಡ್ಡಿಯ ವಾಸನೆ. ಹುಸೇನಬಿ ಕಣ್ಣು ಒರೆಸಿಕೊಂಡಳು, ಬಾಗಿಲ ಹೊರಗಿನವರೂ ಒರೆಸಿಕೊಂಡರು. ಅದು ವಾಸನೆಗೆ ಇರಬಹುದು. ನಾನಂತೂ ಬಾಯಿಬಿಟ್ಟೇ ಅತ್ತೆ.

ಮಳೆಗೆ ತೊಯ್ದವು ಬಹಳ ದಿನ ಇರುವುದಿಲ್ಲ ಎಂದು ಮಾವನವರು ಬೆಳಗಾಗುತ್ತಲೇ ಬುಟ್ಟಿ ತುಂಬಿ ಓಣಿಯ ಮನೆಮನೆಗೂ ಕೊಟ್ಟು ಬಂದರು. ಮೊದಲ ಬುಟ್ಟಿ ಹುಸೇನಬಿಗೆ. ಪೇಡೆ ಹಂಚುವ ಕಡೆ ಉಳ್ಳಾಗಡ್ಡಿ ಹಂಚಿದ ಅಜ್ಜ ಅವರೊಬ್ಬರೇ ಇರಬೇಕು.

ಸುದ್ದಿ ಮುಟ್ಟಿ ಯಜಮಾನರು ಮೊದಲ ಬಸ್ಸಿಗೇ ಬಂದರು. ಹೊಸ್ತಿಲು ದಾಟಿದವರು ಉಳ್ಳಾಗಡ್ಡಿಯ ನಡುವೆ ಕಾಲು ಎಲ್ಲಿಡಬೇಕೆಂದು ತಿಳಿಯದೆ ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತದ್ದು ನನಗೆ ಒಳಗಿನಿಂದ ಕಾಣುತ್ತಿತ್ತು. ಮುಖ ಬಿಳಿಚಿಕೊಂಡಿತ್ತು.

“ನಾ ಊರಾಗ ಇದ್ದಿದ್ದಿಲ್ಲ ಅಪ್ಪಾ” ಎಂದರು. “ಅಷ್ಟೊತ್ತು ಒಬ್ಬಾಕಿನ ಇದ್ದಳೇನು?”

ಮಾವನವರು ಕೂತಲ್ಲಿಂದ ಏಳಲಿಲ್ಲ. ಸಣ್ಣವನ್ನು ಒಂದು ಕಡೆ, ದೊಡ್ಡವನ್ನು ಒಂದು ಕಡೆ ಹಾಕುತ್ತಲೇ ಇದ್ದರು.

“ಒಬ್ಬಾಕಿ ಯಾಕ ಇರ್ತಾಳ?” ಎಂದರು. “ಆಕಿ, ನಾ, ಇಬ್ರೂ ಇದ್ದಿವಲ್ಲ.”

ಸೇರಿನ ಅಕ್ಕಿಯನ್ನು ಬಲಗಾಲಿನಿಂದ ಒದ್ದು ಒಳಗೆ ಬಂದ ದಿನವೇ ಮನೆ ಸೊಸೆಯದಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅವರ ಮಾತು ಅಲ್ಲಗಳೆಯುವಷ್ಟು ದೊಡ್ಡವಳು ನಾನಲ್ಲ. ನನ್ನ ಮಟ್ಟಿಗೆ ಮಾತ್ರ ಆ ದಿನ ಸ್ವಲ್ಪ ತಡವಾಗಿ, ಆ ಬೆಳಿಗ್ಗೆ ಬಂತು. ಮಗಳನ್ನು ಎದೆಗೆ ಒತ್ತಿಕೊಂಡು ಮಲಗಿದಲ್ಲಿಂದಲೇ ಯಜಮಾನರಿಗೆ ಕೂಗಿ ಹೇಳಿದೆ: “ಗ್ವಾಡಿ ಹಿಡಕೊಂಡು ನಿಧಾನಕ್ಕ ಬರ್ರಿ. ನಮ್ಮ ಉಳ್ಳಾಗಡ್ಡಿ ತುಳಿಬ್ಯಾಡ್ರಿ.”